ಎರಡನೇ ಬದಿಯ ಮೂರನೇ ಹಾಡು

ಸಾವಿರದ ಒಂಬೈನೂರ ತೊಂಬತ್ತರ ಜನವರಿಯಲ್ಲಿ ನಾನು ಬರೆದ ಲೇಖನವನ್ನು ನನ್ನ ಹೆಂಡತಿ ಭಾಸ್ವತಿ ಅಡುಗೆಮನೆಯ ಬಾಗಿಲಿಗೆ ಅಂಟಿಸಿದ್ದಳು. ಗೌರವದಿಂದಲ್ಲ. ಅದರಲ್ಲಿನ ಒಂದೊಂದು ಮಾತು ಸುಳ್ಳಾದಾಗಲೂ ಅರಿಶಿನದ ಬೆರಳಿನಿಂದ ಅದರ ಮೇಲೊಂದು ಗೆರೆ ಎಳೆಯುತ್ತಿದ್ದಳು.

ಕಲ್ಕತ್ತೆಯ ಒಂದು ವಾರಪತ್ರಿಕೆಯಲ್ಲಿ ನಾನು ಹನ್ನೊಂದು ವರ್ಷಗಳಿಂದ ಹಾಡಿನ ಅಂಕಣ ಬರೆಯುತ್ತಿದ್ದೆ. ಹೆಸರು ಬಿಭಾಸ್ ಗುಹಠಾಕುರ್ತಾ. ಅಪ್ಪ ಬೆಳಗಿನ ರಾಗವೊಂದರ ಹೆಸರಿಟ್ಟಿದ್ದರಿಂದ ಸಂಗೀತ ಹುಟ್ಟಿನಿಂದಲೇ ಬಂದಿದೆ ಎಂದು ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಇಪ್ಪತ್ತೈದನೇ ವಯಸ್ಸಿನಲ್ಲಿ ದುರ್ಗಾಪೂಜೆಗೆಂದು ಎರಡು ಹಾಡುಗಳ ಗ್ರಾಮಫೋನ್ ತಟ್ಟೆಯೊಂದನ್ನು ಹೊರತಂದಿದ್ದೆ. ಅದನ್ನು ಕೊಂಡವರಲ್ಲಿ ನನ್ನ ನೆಂಟರಲ್ಲದವರು ಒಬ್ಬರೇ ಒಬ್ಬರು. ಆಕೆಯನ್ನೇ ಮದುವೆಯಾದೆ. ಅಂಗಡಿಯವನು ತಪ್ಪು ತಟ್ಟೆ ಕಟ್ಟಿಕೊಟ್ಟಿದ್ದ ಎಂದು ಭಾಸ್ವತಿ ಹೇಳಿದ್ದು ಮದುವೆಯಾದ ಮೇಲೆ.

ಹಾಡಲು ಬಾರದವನು ಹಾಡುವವರ ತಪ್ಪು ಹುಡುಕುವ ಕೆಲಸಕ್ಕೆ ಸೇರಿದ್ದು ಸಹಜವೇ. ವರ್ಷದ ಮೊದಲ ಸಂಚಿಕೆಗೆ ‘ಈ ವರ್ಷ ಬಂಗಾಳಿ ಹಾಡು ಎತ್ತ ಹೋಗಲಿದೆ’ ಎಂದು ಭವಿಷ್ಯ ಬರೆಯುವುದು ನನ್ನ ವಾಡಿಕೆ. ಆ ವರ್ಷ ಬರೆದೆ: ಕ್ಯಾಸೆಟ್ಟಿನ ಕಾಲ ಮುಗಿಯಿತು, ತಟ್ಟೆಗಳು ಮರಳಿ ಬರುತ್ತವೆ. ಫೆಬ್ರವರಿಯಲ್ಲಿ ನಗರದ ಹಳೆಯ ಧ್ವನಿಮುದ್ರಣ ಕಂಪನಿಯೊಂದು ತಟ್ಟೆ ಒತ್ತುವುದನ್ನೇ ನಿಲ್ಲಿಸಿತು. ಯುಗಳಗೀತೆಗಳ ಜೋಡಿ ಮಾನಸ್ ಮತ್ತು ಮಾಲವಿಕಾ ಇರುವವರೆಗೆ ಪ್ರೇಮಗೀತೆಗೆ ಸಾವಿಲ್ಲ ಎಂದೆ. ಮಾರ್ಚಿನಲ್ಲಿ ಇಬ್ಬರೂ ವಿಚ್ಛೇದನಕ್ಕೆ ಅರ್ಜಿ ಹಾಕಿ, ಒಂದೇ ದಿನ ಬೇರೆ ಬೇರೆ ಕ್ಯಾಸೆಟ್ ಬಿಡುಗಡೆ ಮಾಡಿದರು. ಕೀಬೋರ್ಡ್ ಎಂಬ ಗೊಂಬೆಯಾಟ ಮಳೆಗಾಲ ದಾಟುವುದಿಲ್ಲ ಎಂದೆ. ಮೇ ತಿಂಗಳಲ್ಲಿ ಹದಿನಾರು ಮಂದಿ ಪಿಟೀಲು ವಾದಕರು ಕೀಬೋರ್ಡಿನಿಂದಾಗಿ ಕೆಲಸ ಕಳೆದುಕೊಂಡು ಸ್ಟುಡಿಯೋ ಮುಂದೆ ಧರಣಿ ಕೂತರು. ಅವರಲ್ಲೊಬ್ಬರು ನನ್ನನ್ನು ನೋಡಿ, “ಬಿಭಾಸ್‌ದಾ, ಇನ್ಮೇಲೆ ನಮ್ಮ ಪರವಾಗಿ ಮಾತ್ರ ಏನೂ ಬರೀಬೇಡಿ” ಎಂದು ಕೈಮುಗಿದರು.

ಆ ಪಟ್ಟಿಯಲ್ಲಿ ಇನ್ನೊಂದು ಮಾತಿತ್ತು. ಒಂದೇ ಕಂಠ, ಒಂದೇ ವಾದ್ಯ ಇಟ್ಟುಕೊಂಡು ಹಾಡಿದರೆ ಇನ್ನು ಯಾರೂ ಕೇಳುವುದಿಲ್ಲ ಎಂದು.

ಜುಲೈ ತಿಂಗಳ ಒಂದು ಮಧ್ಯಾಹ್ನ ನಮ್ಮ ಕಚೇರಿಗೆ ನಲವತ್ತೈದರ ಆಸುಪಾಸಿನ ಹೆಂಗಸೊಬ್ಬರು ಬಂದರು. ಹತ್ತಿಯ ಸೀರೆ, ತೊಟ್ಟಿಕ್ಕುವ ಕೊಡೆ. ಹೆಸರು ತಾಪ್ತಿ ಭೌಮಿಕ್. ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಆಪರೇಟರ್. ಟ್ರಂಕ್ ಕಾಲ್ ಬುಕ್ ಮಾಡಿದವರನ್ನು ದೂರದ ಊರಿನವರೊಡನೆ ಜೋಡಿಸುವ ಕೆಲಸ. ಬೀದಿಗೊಂದು ಎಸ್‌ಟಿಡಿ ಬೂತ್ ಬರುತ್ತಿದ್ದ ಆ ಕಾಲದಲ್ಲಿ ಆಕೆಯ ಕೆಲಸ ದಿನದಿನಕ್ಕೆ ಕಡಿಮೆಯಾಗುತ್ತಿತ್ತು. ಬಿಡುವಿನಲ್ಲಿ ಹಾಡು ಕಟ್ಟಿದ್ದರು. ತಮ್ಮನ ಗಿಟಾರೊಂದೇ ಪಕ್ಕವಾದ್ಯ. ಕ್ಯಾಸೆಟ್ಟಿನ ಹೆಸರು ‘ಲೈನಿನಲ್ಲೇ ಇರಿ’.

“ಎರಡೂ ಬದಿ ಕೇಳಿ ಬರೀರಿ. ಎರಡನೇ ಬದಿ ಮಾತ್ರ ಬಿಡಬೇಡಿ” ಎಂದರು.

“ಹನ್ನೊಂದು ವರ್ಷದಿಂದ ಇದೇ ಕೆಲಸ ಮಾಡ್ತಿದೀನಿ ಮೇಡಂ” ಎಂದೆ. ಎರಡಕ್ಕೂ ಸಂಬಂಧವಿರಲಿಲ್ಲ.

ಮರುದಿನ ಲೇಖನ ಕೊಡಬೇಕಿತ್ತು. ಕ್ಯಾಸೆಟ್ ಹಾಕಿ ಒಂದೂವರೆ ಹಾಡು ಕೇಳುವಷ್ಟರಲ್ಲಿ ಕರೆಂಟ್ ಹೋಯಿತು. ಎರಡನೇ ಹಾಡು ಎಳೆದೆಳೆದು ನಿಂತಿತು. ಅದು ಹಾಡಿನ ದೋಷವೋ ಕರೆಂಟಿನದೋ ಎಂದು ವಿಚಾರಿಸುವ ಗೋಜಿಗೆ ಹೋಗಲಿಲ್ಲ. ಬ್ಯಾಟರಿ ತರಲು ಕೆಳಗಿಳಿದರೆ ಬೀದಿಯಲ್ಲಿ ಮೊಣಕಾಲುದ್ದ ನೀರು. ಮೇಲೆ ಬಂದು ಬರೆಯಲು ಕೂತೆ. ನನಗೆ ಬಹಳ ಇಷ್ಟವಾದ ಸಾಲು ಇದು:

‘ತಾಪ್ತಿ ಭೌಮಿಕ್ ಅವರ ಹಾಡು ಕೇಳುವುದೆಂದರೆ ಟ್ರಂಕ್ ಕಾಲಿಗೆ ಕಾದು ಕೂತಂತೆ. ಎದೆ ಹೊಡೆದುಕೊಳ್ಳುತ್ತದೆ, ಕಿವಿ ನೋಯುತ್ತದೆ, ಎದ್ದು ಹೋಗಲು ಮಾತ್ರ ಆಗುವುದಿಲ್ಲ.’

ಸಂಪಾದಕರಾದ ನಿಶಿಕಾಂತ ಧರ್ ಓದಿ ಹೊಟ್ಟೆ ಹಿಡಿದುಕೊಂಡು ನಕ್ಕರು. “ಪಾಪ, ಹೆಂಗಸನ್ನ ಹೀಗೆ ಕೊಲ್ಲೋದಾ ಬಿಭಾಸ್?” ಎಂದರು. ಮೂರು ದಿನ ಎದೆ ಉಬ್ಬಿಸಿಕೊಂಡು ಓಡಾಡಿದೆ.

ದುರ್ಗಾಪೂಜೆಗೆ ಎರಡು ವಾರವಿರುವಾಗ ಗಡಿಯಾಹಾಟಿನ ಕ್ಯಾಸೆಟ್ ಅಂಗಡಿಯೊಂದರ ಮುಂದೆ ಜನ ಮುತ್ತಿದ್ದರು. ಡಿಸ್ಕೋ ತಾರೆ ರಾಕಿ ಸರ್ಖೇಲನ ಹೊಸ ಕ್ಯಾಸೆಟ್ ಬಂದಿರಬೇಕೆಂದು ಇಣುಕಿದೆ. ಅಂಗಡಿಯವನು ಎರಡೂ ಕೈಯಲ್ಲಿ ‘ಲೈನಿನಲ್ಲೇ ಇರಿ’ ಹಂಚುತ್ತಿದ್ದ. ಮುಖಪುಟದ ಮೇಲೆ ತಾಪ್ತಿಯವರ ಹೆಸರಿಗಿಂತ ದಪ್ಪಕ್ಷರದಲ್ಲಿ ನನ್ನ ಸಾಲು! ‘ಟ್ರಂಕ್ ಕಾಲಿಗೆ ಕಾದು ಕೂತಂತೆ. ಎದೆ ಹೊಡೆದುಕೊಳ್ಳುತ್ತದೆ… ಎದ್ದು ಹೋಗಲು ಮಾತ್ರ ಆಗುವುದಿಲ್ಲ.’ ಕೆಳಗೆ ನನ್ನ ಹೆಸರು. ಕಿವಿ ನೋಯುವ ವಿಚಾರ ಮಾತ್ರ ಮೂರು ಚುಕ್ಕಿಯೊಳಗೆ ಮಾಯವಾಗಿತ್ತು.

ಕಂಪನಿಯ ಮೇಲೆ ಕೇಸು ಹಾಕುತ್ತೇನೆಂದು ಕುದಿಯುತ್ತಾ ನಿಂತಿದ್ದಾಗ ಒಬ್ಬ ಮುದುಕಮ್ಮ ಅಂಗಡಿಯವನಿಗೆ ಹೇಳುತ್ತಿದ್ದರು: “ಇದನ್ನ ಬರೆದವನು ಪುಣ್ಯಾತ್ಮ ಕಣಪ್ಪ. ನನ್ನ ಮಗ ಲಡಾಖಿನಲ್ಲಿದ್ದಾಗ ಹೀಗೇ ಕಾಯ್ತಿದ್ದೆ. ಕಾದವನಿಗೆ ಮಾತ್ರ ಗೊತ್ತು.”

ನಾನು ಕೇಸಿನ ವಿಚಾರ ಕೈಬಿಟ್ಟೆ. ಅಷ್ಟೇ ಮಾಡಿದ್ದರೆ ಈ ಕಥೆ ಹೇಳುವ ಅಗತ್ಯವಿರಲಿಲ್ಲ. ನಾನು ಮುಂದೆ ಹೋಗಿ, “ಬರೆದವನು ನಾನೇ ಮಾಶಿಮಾ” ಎಂದೆ. ಆಕೆ ನನ್ನ ತಲೆ ಸವರಿದರು.

ಮನೆಗೆ ಬಂದು ಹೇಳಿದೆ. ಭಾಸ್ವತಿ ಮೀನು ಹುರಿಯುವುದನ್ನು ನಿಲ್ಲಿಸಿ ತಿರುಗಿದಳು.

“ನೀನು ಬೈದಿದ್ದೆ ಅಲ್ವಾ?”

“ಬೈಗುಳದಲ್ಲೂ ಒಂದು ಸತ್ಯ ಇರುತ್ತೆ.”

“ಹೌದೌದು. ನಿನ್ನ ಕೈಯಲ್ಲಿ ಸತ್ಯ ಬರಬೇಕಾದ್ರೆ ನಿನಗೇ ಗೊತ್ತಿಲ್ದೆ ಬರಬೇಕು” ಎಂದು ಬಾಗಿಲ ಮೇಲೆ ಮತ್ತೊಂದು ಗೆರೆ ಎಳೆದಳು.

ಆ ಪೂಜೆಯಲ್ಲಿ ನಮ್ಮ ಕೇರಿಯ ಪೆಂಡಾಲಿನ ಮೈಕಿನಲ್ಲಿ ಷಷ್ಠಿಯಿಂದ ದಶಮಿಯವರೆಗೂ ತಾಪ್ತಿಯವರದೇ ದನಿ. ರಾಕಿ ಸರ್ಖೇಲ್ ಲಾರಿಯ ಮೇಲೆ ಕುಣಿದುಕೊಂಡು ಬಂದರೂ ಜನ ದಾರಿ ಬಿಡಲಿಲ್ಲ. ಪೂಜಾ ಸಮಿತಿಯವರು ನನ್ನನ್ನು ವೇದಿಕೆಗೆ ಕರೆದು, “ಈ ರತ್ನವನ್ನು ಮೊದಲು ಕಂಡವರು” ಎಂದು ಹಾರ ಹಾಕಿದರು. ನಾನು ಕತ್ತು ಚಾಚಿದೆ. ಒಂದು ಸಲ ಚಾಚಿದ ಕತ್ತು ಸುಲಭಕ್ಕೆ ಒಳಗೆ ಹೋಗುವುದಿಲ್ಲ. ಲಕ್ಷ್ಮೀಪೂಜೆಯ ಹೊತ್ತಿಗೆ ರೇಡಿಯೋದವರೂ ಕರೆದರು. ನೇರ ಪ್ರಸಾರ. ಅಷ್ಟು ದಿನವಾದರೂ ನಾನು ಆ ಕ್ಯಾಸೆಟ್ ಪೂರ್ತಿ ಕೇಳಿರಲಿಲ್ಲ. ಎಲ್ಲೆಡೆ ಕಿವಿಗೆ ಬೀಳುತ್ತಿತ್ತಲ್ಲ, ಅದೇ ಕೇಳಿದಂತೆ ಎಂದುಕೊಂಡಿದ್ದೆ. ಪೆಂಡಾಲಿನವರು ಹಾಕುತ್ತಿದ್ದುದು ಮೊದಲ ಬದಿಯನ್ನು ಮಾತ್ರ ಎಂಬುದು ನನಗೆ ತಿಳಿದಿರಲಿಲ್ಲ.

“ನಿಮಗೆ ಅತ್ಯಂತ ಪ್ರಿಯವಾದ ಹಾಡು?” ಎಂದು ನಿರೂಪಕಿ ಕೇಳಿದಳು.

ಎಲ್ಲರೂ ಮೊದಲ ಬದಿಯ ಹಾಡನ್ನೇ ಹೇಳುತ್ತಾರೆ, ಪಂಡಿತ ಬೇರೆಯದನ್ನು ಹೇಳಬೇಕು. “ಎರಡನೇ ಬದಿಯ ಮೂರನೇ ಹಾಡು” ಎಂದೆ.

“ಅದರಲ್ಲೇನು ವಿಶೇಷ?”

ಬಾಯಿಗೆ ಬಂದದ್ದನ್ನು ಹೇಳಿದೆ. ಒಬ್ಬ ಹೆಂಗಸು ತಗಡಿನ ಸೂರಿನ ಕೆಳಗೆ ಮಳೆ ನಿಲ್ಲಲೆಂದು ಕಾಯುತ್ತಾಳೆ. ಮಳೆ ನಿಲ್ಲುತ್ತದೆ. ಆಕೆ ಹೊರಡುವುದಿಲ್ಲ. ಹೇಳುತ್ತಾ ಹೇಳುತ್ತಾ ನನಗೇ ಕಣ್ಣೀರು ಬಂತು. ನಿರೂಪಕಿಯೂ ಕಣ್ಣೊರೆಸಿಕೊಂಡಳು.

ಎರಡನೇ ಬದಿಯಲ್ಲಿ ಇದ್ದದ್ದು ಒಂದೇ ಹಾಡು. ಹದಿನೆಂಟು ನಿಮಿಷದ್ದು.

ಮೂರು ದಿನಗಳಲ್ಲಿ ಪತ್ರಿಕೆಗೆ ಚೀಲಗಟ್ಟಲೆ ಪತ್ರ ಬಂದವು. ಅರ್ಧದಷ್ಟು ಜನ ಆ ಹಾಡು ತಮ್ಮ ಕ್ಯಾಸೆಟ್ಟಿನಲ್ಲಿ ಯಾಕಿಲ್ಲ ಎಂದು ಕೇಳಿದ್ದರು. ಉಳಿದರ್ಧ ಜನ ನಾನು ಯಾವ ಜಾತಿಯ ಪ್ರಾಣಿ ಎಂದು ವಿವರಿಸಿದ್ದರು. ಅಂಗಡಿಗಳಲ್ಲಿ ಗಿರಾಕಿಗಳು, ಒಳ್ಳೆಯ ಹಾಡು ಕಿತ್ತುಹಾಕಿ ಮಾರುತ್ತೀರಾ ಎಂದು ಜಗಳವಾಡಿದರಂತೆ. ಸಂಪಾದಕ ನಿಶಿಬಾಬು ಪತ್ರಗಳನ್ನು ನನ್ನ ಮೇಜಿನ ಮೇಲೆ ಸುರಿದು, “ನನಗೇನೂ ಹೇಳಬೇಡ. ಮೊದಲು ಆ ಹೆಂಗಸಿನ ಹತ್ತಿರ ಹೋಗು” ಎಂದರು.

ಭಾನುವಾರ ಬೆಳಿಗ್ಗೆ ಬರಾನಗರದಲ್ಲಿರುವ ತಾಪ್ತಿಯವರ ಮನೆಗೆ ಹೋದೆ. ಸಂದೇಶ್ ಎಂಬ ಹಾಲಿನ ಮಿಠಾಯಿಯ ಪೊಟ್ಟಣ ಹಿಡಿದಿದ್ದೆ. ಕ್ಷಮೆ ಕೇಳಲು ಹೋಗುವವನು ಸಿಹಿ ಒಯ್ಯಬಾರದೇನೋ, ಗೊತ್ತಿಲ್ಲ. ಹಿಂದೆ ಎಂದೂ ಕೇಳಿ ಅಭ್ಯಾಸವಿರಲಿಲ್ಲ. ಆಕೆ ಮಂಡಕ್ಕಿಗೆ ಸಾಸಿವೆಯೆಣ್ಣೆ ಹಾಕಿ ಕಲಸುತ್ತಿದ್ದರು. ಕೂರಿಸಿ, ಒಂದು ಬಟ್ಟಲು ನನ್ನ ಮುಂದಿಟ್ಟರು.

“ಎಷ್ಟು ಹಾಡು ಕೇಳಿದ್ರಿ?” ಎಂದರು. ದನಿಯಲ್ಲಿ ಸಿಟ್ಟಿರಲಿಲ್ಲ. ನಂಬರ್ ಕೇಳುವ ಆಪರೇಟರಿನ ದನಿ.

“ಒಂದೂವರೆ.”

“ಅರ್ಧಕ್ಕೆ ಯಾಕೆ ನಿಲ್ಲಿಸಿದ್ರಿ?”

“ಕರೆಂಟ್ ಹೋಯ್ತು ದೀದಿ.”

ಆಕೆ ನಕ್ಕುಬಿಟ್ಟರು. ಆ ನಗುವಿನಲ್ಲಿ ನನ್ನನ್ನು ಸೇರಿಸಿಕೊಂಡರೋ ಇಲ್ಲವೋ ತಿಳಿಯಲಿಲ್ಲ. “ನಿಮ್ಮ ಸಾಲು ಮುಖಪುಟಕ್ಕೆ ಹಾಕಿ ಅಂತ ಕಂಪನಿಯವರಿಗೆ ಹೇಳಿದ್ದು ನಾನೇ. ನೀವು ಅಣಕಿಸಿದ್ರಿ ಅಂತ ಗೊತ್ತಿತ್ತು. ಆದ್ರೂ ಬರೆದಿದ್ದು ಸರಿಯಾಗೇ ಇತ್ತಲ್ಲ. ಈಗ ಕರೆಂಟಿದೆ, ಕೇಳಿ” ಎಂದು ಎರಡನೇ ಬದಿ ಹಾಕಿ ಒಳಗೆ ಹೋದರು.

ಅದು ಟ್ರಂಕ್ ಕಾಲಿನಲ್ಲಿ ಜನ ಆಡುವ ಮಾತುಗಳ ಹಾಡು. ‘ಕೇಳಿಸ್ತಿದೆಯಾ, ಹಲೋ, ಕೇಳಿಸ್ತಿದೆಯಾ’ ಎನ್ನುವುದರಲ್ಲೇ ಕರೆಗೆ ಸಿಗುವ ಮೂರು ನಿಮಿಷ ಮುಗಿದುಹೋಗುತ್ತದೆ. ಅತ್ತ ಹೇಳಬೇಕೆಂದದ್ದು ಅತ್ತಲೇ, ಇತ್ತ ಹೇಳಬೇಕೆಂದದ್ದು ಇತ್ತಲೇ. ನಡುವೆ ಕೂತ ಆಪರೇಟರಿಗೆ ಮಾತ್ರ ಎರಡೂ ಗೊತ್ತು. ಮದುವೆಗೆ ಮುಂಚೆ ಭಾಸ್ವತಿ ಸಿಲಿಗುರಿಯಲ್ಲಿದ್ದಾಗ ನಾನು ಅಂಚೆ ಕಚೇರಿಯ ಬೆಂಚಿನಲ್ಲಿ ನಾಲ್ಕು ಗಂಟೆ ಕಾದು, ಲೈನ್ ಸಿಕ್ಕಾಗ “ಊಟ ಆಯ್ತಾ?” ಎಂದು ಮೂರು ಸಲ ಕೇಳಿ ಮನೆಗೆ ಬಂದಿದ್ದೆ. ಹಾಡಿನಲ್ಲೂ ಒಬ್ಬ ಹಾಗೆಯೇ ಕೇಳಿದ. ಮಂಡಕ್ಕಿ ಮೆತ್ತಗಾಯಿತು. ನಾನು ಮುಟ್ಟಲಿಲ್ಲ. ಇಂಥದ್ದನ್ನು ಕೇಳಿಸಿಕೊಳ್ಳಲು ಜುಲೈಯಲ್ಲಿ ನಾಲ್ಕು ಬ್ಯಾಟರಿ ಸಾಕಿತ್ತು.

ತಾಪ್ತಿಯವರು ಚಹಾ ತಂದಿಟ್ಟರು. ಎದುರಿಗೆ ಕೂತು ಹೇಳಿದರು: “ಮಳೆ ಹಾಡು ಚೆನ್ನಾಗಿತ್ತು ಬಿಭಾಸ್‌ಬಾಬು.”

“ಯಾವ ಮಳೆ ಹಾಡು? ದೀದಿ, ಅದು ಸುಳ್ಳು. ನಾನು ಅಲ್ಲೇ ಕೂತು ಕಟ್ಟಿದ್ದು.”

“ಗೊತ್ತು. ಜನ ಕೇಳ್ತಾ ಇದ್ರಲ್ಲ, ಬರೆದೆ. ತಮ್ಮ ರಾಗ ಹಾಕಿದಾನೆ. ಮುಂದಿನ ಕ್ಯಾಸೆಟ್ಟಿಗೆ ಹಾಕ್ತೀವಿ. ‘ಭಾವ: ಬಿಭಾಸ್ ಗುಹಠಾಕುರ್ತಾ’ ಅಂತ ನಿಮ್ಮ ಹೆಸರೂ ಇರುತ್ತೆ.”

ಹದಿನೆಂಟು ವರ್ಷಗಳ ಹಿಂದೆ ನನ್ನ ಹೆಸರು ತಟ್ಟೆಯ ಮೇಲೆ ಬಂದಾಗ ಅದನ್ನು ತಲೆದಿಂಬಿನ ಕೆಳಗಿಟ್ಟುಕೊಂಡು ಮಲಗಿದ್ದವನು ನಾನು. ಆಸೆಯಾಗಲಿಲ್ಲ ಎಂದರೆ ಇದೂ ರೇಡಿಯೋ ಮಾತಾದೀತು. ಟೀ ಕುಡಿದು ಮುಗಿಸುವವರೆಗೂ ಆಸೆಯಿತ್ತು. ಲೋಟ ಕೆಳಗಿಟ್ಟು, “ಹೆಸರು ಬೇಡ. ದಯವಿಟ್ಟು ಬೇಡ” ಎಂದೆ.

“ಸರಿ. ಹಾಗಾದ್ರೆ ಆ ಸಂದೇಶ್ ಪೊಟ್ಟಣ ಬಿಚ್ಚಿ. ಅಷ್ಟು ಹೊತ್ತಿಂದ ತೊಡೆ ಮೇಲೆ ಇಟ್ಕೊಂಡು ಬಿಸಿ ಮಾಡ್ತಿದೀರಿ” ಎಂದರು.

ಡಿಸೆಂಬರಿನಲ್ಲಿ ‘ವರ್ಷದ ಹಾಡಿನ ಮುಖ್ಯ ಘಟನೆಗಳು’ ಬರೆಯುವ ಸರದಿ ಬಂತು. ತಟ್ಟೆಗಳು ನಿಂತದ್ದು, ಮಾನಸ್ ಮಾಲವಿಕಾ ಬೇರೆಯಾದದ್ದು, ಪಿಟೀಲಿನವರ ಧರಣಿ, ‘ಲೈನಿನಲ್ಲೇ ಇರಿ’ಯ ಗೆಲುವು, ಎಲ್ಲ ಬರೆದೆ. ಕೊನೆಯ ಘಟನೆಯಾಗಿ, ಒಬ್ಬ ವಿಮರ್ಶಕ ಒಂದೂವರೆ ಹಾಡು ಕೇಳಿ ಎರಡೂ ಬದಿಯ ವಿಮರ್ಶೆ ಬರೆದು, ಬೈಗುಳಕ್ಕೆ ಹಾರ ಹಾಕಿಸಿಕೊಂಡು, ಇಲ್ಲದ ಹಾಡಿಗೆ ರೇಡಿಯೋದಲ್ಲಿ ಕಣ್ಣೀರಿಟ್ಟದ್ದನ್ನು ಹೆಸರು ಸಮೇತ ಬರೆದೆ.

ನಿಶಿಬಾಬು ಎರಡು ಸಲ ಓದಿದರು. “ಇದನ್ನ ಅಚ್ಚು ಹಾಕಿದ ಮೇಲೆ ನಿನಗೆ ಅಂಕಣ ಕೊಡೋಕಾಗಲ್ಲ, ಗೊತ್ತಲ್ಲ?”

“ಗೊತ್ತು.”

“ಹನ್ನೊಂದು ವರ್ಷದಲ್ಲಿ ನೀನು ಬರೆದ ಒಳ್ಳೆ ಲೇಖನ ಇದೇ ಕಣೋ. ಎಂಥಾ ಹೊತ್ತಲ್ಲಿ ಬರೆದೆ!” ಎಂದು ತಲೆ ಚಚ್ಚಿಕೊಂಡು ಅಚ್ಚಿಗೆ ಕಳಿಸಿದರು.

ಅಂಕಣ ಹೋಯಿತು. ನನಗೆ ಓದುಗರ ಪತ್ರಗಳ ವಿಭಾಗ ಕೊಟ್ಟರು. ಮೊದಲ ಎರಡು ತಿಂಗಳು ಬಂದ ಪತ್ರಗಳಲ್ಲಿ ಬಹುಪಾಲು ನನ್ನನ್ನೇ ಕುರಿತವು. ಕಾಗುಣಿತ ತಿದ್ದಿ, ಬೈಗುಳದ ಮೊನೆ ಮುರಿಯದಂತೆ ನೋಡಿಕೊಂಡು, ಒಂದೊಂದನ್ನೂ ಪೂರ್ತಿ ಓದಿಯೇ ಅಚ್ಚಿಗೆ ಕೊಟ್ಟೆ.

ಮುಂದಿನ ಫೆಬ್ರವರಿಯಲ್ಲಿ ತಾಪ್ತಿದಿ ಒಂದು ಸಣ್ಣ ಸಭಾಂಗಣದಲ್ಲಿ ಹಾಡಿದರು. ನಾನೂ ಭಾಸ್ವತಿಯೂ ಟಿಕೆಟ್ ಕೊಂಡು ಹಿಂದಿನ ಸಾಲಿನಲ್ಲಿ ಕೂತೆವು. ಒಂದರ ಮೇಲೊಂದು ಹಾಡು, ಜನ ಕೆಮ್ಮುವುದನ್ನೂ ಮರೆತಿದ್ದರು. ಹದಿನೆಂಟು ನಿಮಿಷದ ಹಾಡು ಮುಗಿದಾಗ ಭಾಸ್ವತಿ ನನ್ನ ತೋಳು ಗಟ್ಟಿಯಾಗಿ ಹಿಡಿದಿದ್ದಳು. ಕೊನೆಗೆ ತಗಡಿನ ಸೂರಿನ ಮಳೆಯ ಹಾಡು ಬಂತು. ಯಾರ ಭಾವ ಎಂದು ತಾಪ್ತಿದಿ ಹೇಳಲಿಲ್ಲ. ಮಾತು ಕೊಟ್ಟಂತೆ ನಡೆದುಕೊಂಡರು.

ಹೊರಗೆ ಬಂದು ಟ್ರಾಮ್ ಹತ್ತಿದೆವು. ಭಾಸ್ವತಿಗೆ ಆ ಹಾಡಿನ ಮೂಲದ ವಿಷಯ ನಾನು ಹೇಳಿರಲಿಲ್ಲ. ರೇಡಿಯೋ ದಿನ ಅವಳು ತಂಗಿಯ ಮನೆಯಲ್ಲಿದ್ದು ಅದನ್ನು ಕೇಳಿರಲಿಲ್ಲ. ನನ್ನ ಕೊನೆಯ ಲೇಖನದಲ್ಲೂ ಹಾಡು ಇಂಥದ್ದೆಂದು ನಾನು ಬರೆದಿರಲಿಲ್ಲ.

“ಹೇಗಿತ್ತು?” ಎಂದೆ.

“ಅದ್ಭುತ” ಎಂದಳು. ಟಿಕೆಟ್ಟಿಗೆ ಚಿಲ್ಲರೆ ಎಣಿಸಿ ಕೊಟ್ಟು, “ಆ ಕೊನೇ ಮಳೆ ಹಾಡೊಂದು ಇಲ್ದೇ ಇದ್ದಿದ್ರೆ ಇನ್ನೂ ಚೆನ್ನಾಗಿರ್ತಿತ್ತು. ಮಳೆ ನಿಂತಮೇಲೂ ಹೊರಡದೆ ನಿಲ್ಲೋಕೆ ಅವಳಿಗೇನು ಮನೇಲಿ ಕೆಲಸ ಇರ್ಲಿಲ್ವಾ?” ಎಂದಳು.

ಹನ್ನೊಂದು ವರ್ಷ ವಿಮರ್ಶೆ ಬರೆದವನು ನಾನು. ಅವಳ ಮಾತನ್ನು ಒಪ್ಪಿಕೊಳ್ಳಬೇಕಾಯಿತು.