ಎಕ್ಸ್‌ರೇಗೆ ಸಿಕ್ಕಿದ ಲಿಂಗ

ಹರದನಹಳ್ಳಿಯ ಪರಮಶಿವಯ್ಯನವರಿಗೂ ಸೊಸೆ ನೇತ್ರಾಳಿಗೂ ಹನ್ನೊಂದು ವರ್ಷದಿಂದ ಒಂದೇ ಜಗಳ. ಬಾಯಿ ಮಾಡುವ ಜಗಳ ಅಲ್ಲ ಬಿಡಿ, ಕಾಫಿ ಕುಡಿಯುತ್ತಾ ಆಡುವ ಜಗಳ. ನೇತ್ರಾ ಹೊಳೆನರಸೀಪುರದ ಹೈಸ್ಕೂಲಿನಲ್ಲಿ ವಿಜ್ಞಾನದ ಮೇಡಂ. "ದೇವರಿದಾನೆ ಅಂತೀರಲ್ಲ ಮಾವ, ಪುರಾವೆ ಎಲ್ಲಿ?" ಅನ್ನುವಳು. ಮುದುಕರು ಎದೆಯ ಮೇಲಿನ ಲಿಂಗದ ಬೆಳ್ಳಿ ಕರಡಿಗೆ ತಟ್ಟಿ, "ಇಲ್ಲೇ ಅವ್ನಲ್ಲವ್ವ" ಅಂತ ನಕ್ಕುಬಿಡುವರು. ಎಂಟನೇ ವಯಸ್ಸಿಗೆ ಕಟ್ಟಿಸಿಕೊಂಡ ಲಿಂಗ ಅದು. ಪೂಜೆಗೆ ತಮ್ಮ ಅಂಗೈ ಮೇಲೆ ಇಟ್ಟುಕೊಂಡದ್ದು ಬಿಟ್ಟರೆ ಅರವತ್ತೆರಡು ವರ್ಷದಲ್ಲಿ ಒಂದು ಗಳಿಗೆಯೂ ಮೈಯಿಂದ ದೂರ ಮಾಡಿದವರಲ್ಲ.

ಎರಡು ತಿಂಗಳಾದರೂ ಮುದುಕರಿಗೆ ಕೆಮ್ಮು ಬಿಡಲಿಲ್ಲ. ನೇತ್ರಾಳೇ ಜೋರು ಮಾಡಿ ಹಾಸನದ ಆಸ್ಪತ್ರೆಗೆ ಕರೆತಂದಳು. ಅವಳ ತಂದೆಯೂ ಹೀಗೇ ಕೆಮ್ಮಿ ಕೆಮ್ಮಿ, ಗೊತ್ತಾಗುವ ಹೊತ್ತಿಗೆ ಕೈಮೀರಿತ್ತು.

ಎಕ್ಸ್‌ರೇ ತೆಗೆಯುವ ಸ್ನೇಹಲತಾ, "ಸರ, ಒಡವೆ ಏನಿದ್ರೂ ತೆಗೀರಿ ಅಜ್ಜ" ಅಂದಳು.

"ಒಡವೆ ನನ್ನತ್ರ ಯಾವ್ದವ್ವ ಐತೆ!"

ಸುಳ್ಳೇನಲ್ಲ. ಲಿಂಗವನ್ನು ಯಾರಾದರೂ ಒಡವೆ ಅನ್ನುತ್ತಾರೆಯೇ?

ಚಿತ್ರ ಬಂತು. ಎದೆಯ ಎಡಕ್ಕೆ ನಿಂಬೆಹಣ್ಣಿನಷ್ಟು ಬೆಳ್ಳನೆ ಗುಂಡು. ನೇತ್ರಾಳ ಜೀವ ಹಾರಿಹೋಯಿತು. ಸ್ನೇಹಲತಾ ಹಣೆ ಚಚ್ಚಿಕೊಂಡು, "ಅಜ್ಜ, ಬನೀನೊಳಗೆ ಏನಿಟ್ಕೊಂಡಿದೀರಾ?" ಅಂದಳು.

ಪರಮಶಿವಯ್ಯನವರ ಮುಖ ಅರಳಿತು. "ನೋಡ್ದೇನವ್ವಾ ನೇತ್ರಾ! ಪುರಾವೆ ಪುರಾವೆ ಅಂತಿದ್ದೆ, ಈಗ ಫೋಟೋನೇ ತೆಗೆಸ್ಬುಟ್ಟೆ!"

ಕಾದು ಕೂತಿದ್ದವರೆಲ್ಲ ನಕ್ಕರು. ನೇತ್ರಾಳೂ ನಕ್ಕಳು.

"ಇದ್ರ ಹಿಂದೆ ಏನಿದೆಯೋ ಕಾಣಲ್ಲ ಅಜ್ಜ. ತೆಗೀಲೇಬೇಕು" ಅಂದಳು ಸ್ನೇಹಲತಾ.

ನಗು ನಿಂತಿತು. ಮುದುಕರ ಕೈ ಕರಡಿಗೆಯನ್ನು ಬಿಗಿಯಾಗಿ ಹಿಡಿಯಿತು. ಹನ್ನೊಂದು ವರ್ಷ ಆಡಿದ ವಾದಗಳಲ್ಲಿ ಒಂದೂ ನೇತ್ರಾಳ ಬಾಯಿಗೆ ಬರಲಿಲ್ಲ. "ಮಾವ, ನಂಗೆ ಭಯ ಆಗ್ತಿದೆ" ಅಂದಳು.

ಅವರು ಅವಳನ್ನೇ ನೋಡಿದರು. ಆಮೇಲೆ ಶಿವದಾರ ಬಿಚ್ಚಿ, ಕರಡಿಗೆ ಕಣ್ಣಿಗೊತ್ತಿಕೊಂಡು, ಅವಳ ಎಡ ಅಂಗೈ ಮೇಲಿಟ್ಟು ಒಳಗೆ ಹೋದರು. ಒಳಗಿನಿಂದ ಗಾಜಿನಲ್ಲಿ ಅವಳು ಕಾಣುತ್ತಿದ್ದಳು; ಅವಳ ಬ್ಯಾಗಿನಲ್ಲಿ ಫೋನು ಮೂರು ಸಲ ಬಡಿದುಕೊಂಡದ್ದೂ ಕೇಳಿಸಿತು.

ಎರಡನೇ ಚಿತ್ರದಲ್ಲಿ, ಲಿಂಗ ಇದ್ದ ಜಾಗದಲ್ಲೇ ಅವರೆಕಾಳಿನಷ್ಟು ಒಂದು ಮಚ್ಚೆ ಇತ್ತು. "ಚಿಕ್ಕದಿದೆ, ಬೇಗ ಬಂದಿದೀರಿ. ನಾಳೆ ಸ್ಕ್ಯಾನ್ ಮಾಡಿ ನೋಡೋಣ" ಅಂದರು ಡಾಕ್ಟರು.

ಹೊರಗೆ ಬಂದದ್ದೇ ನೇತ್ರಾಳಿಗೆ ಅಳುವೂ ಸಿಟ್ಟೂ ಒಟ್ಟಿಗೇ ಬಂತು. "ಇಷ್ಟು ದಿನ ನಿಮ್ಮ ದೇವರು ಅದರ ಮೇಲೇ ಕೂತಿದ್ನಲ್ಲ ಮಾವ!"

ಅವರು ನಿಧಾನವಾಗಿ ಲಿಂಗ ಕಟ್ಟಿಕೊಂಡರು. "ಮುಚ್ಚಿದ್ನೋ, ಕಾಯ್ತಿದ್ನೋ, ನಂಗೇನವ್ವ ಗೊತ್ತು? ಕಾಯ್ಲೆ ಬರ್ದಂಗೆ ನೋಡ್ಕೋ ಅಂತ ಕರಾರು ಮಾಡ್ಕಂಡು ಕಟ್ಟಿಸ್ಕಂಡೋನಲ್ಲ ನಾನು. ಇಂಥ ದಿನ ಜೊತೆಗಿರ್ಲಿ ಅಂತ, ಅಷ್ಟೇಯ."

ಎಂಥ ಮನುಷ್ಯರಪ್ಪ ಇವರು ಅನ್ನಿಸಿತು ನೇತ್ರಾಳಿಗೆ. ಇಂಥವರ ಜೊತೆ ವಾದ ಮಾಡಲು ಸಿಕ್ಕಿದ್ದೇ ತನ್ನ ಪುಣ್ಯ ಅಂದುಕೊಂಡಳು.

ಅಷ್ಟರಲ್ಲಿ ಗಂಡ ಪರಮೇಶನ ಫೋನು. ನಾಳೆ ಅಂಗಡಿಗೆ ಬಾಗಿಲು ಹಾಕಿ ತಾನೇ ಬರುತ್ತೇನೆ ಅಂದ. ಮುದುಕರು ಫೋನು ಇಸ್ಕೊಂಡರು.

"ನೀನ್ ಬ್ಯಾಡ ಕಣ್ಲಾ, ನೇತ್ರಾನೇ ಬರ್ಲಿ. ನಾಳೆನೂ ಲಿಂಗ ತೆಗೀಬೇಕಂತೆ. ನೀನು ಭಕ್ತ, ಕೈಮುಗ್ದು ಎಲ್ಲಾದ್ರೂ ಇಟ್ಟು ಮರ್ತ್‌ಬುಡ್ತೀಯ. ಅವ್ಳಿಗೆ ನಂಬ್ಕೆ ಇಲ್ಲ. ಆದ್ರೂ ನೀನು ಮೂರು ಸತಿ ಫೋನ್ ಮಾಡ್ದಾಗ್ಲೂ ಅಂಗೈ ಅಲ್ಲಾಡಿಸ್ನಿಲ್ಲ."