ಕತ್ತಿ ಹಿಡಿದವನ ಮಂತ್ರ

ಸವದತ್ತಿಯ ಟೂರಿಂಗ್ ಟಾಕೀಸಿನ ಗೇಟಿನಲ್ಲಿ ಟಿಕೀಟು ಹರಿಯುವ ಕಾಡಪ್ಪನಿಗೆ ಪಗಾರ ಕಡಿಮೆ, ಡೈಲಾಗು ಜಾಸ್ತಿ. ಪರದೆಗೆ ಬೆನ್ನು ಮಾಡಿ ನಿಂತರೂ ಅವನ ಕಿವಿ ಆ ಕಡೆಗೇ ಇರುತ್ತಿತ್ತು. ಚಹಾ ಆರಿದ್ದರೆ ಆರಿದೆ ಎಂದು ಸುಮ್ಮನೆ ಹೇಳುವ ಪೈಕಿ ಅಲ್ಲ ಅವನು. ಬಸಿ ಎತ್ತಿ ಹಿಡಿದು, ಈ ತಣ್ಣನೆಯ ರಕ್ತದಲ್ಲಿ ಸೇಡಿನ ಕಿಡಿ ಎಲ್ಲಿದೆ ಎಂದು ಅಂಗಡಿಯವನನ್ನು ಕೇಳುತ್ತಿದ್ದ. ಒಮ್ಮೆ, ನಾಳೆ ಮುಂಜಾನೆ ನಾಯಕಿಯೇ ಬಂದು ಟೆಂಟಿನಲ್ಲಿ ಉಸುಕು ಹಾಸುತ್ತಾಳೆಂದು ಊರೆಲ್ಲ ಸುದ್ದಿ ಹಬ್ಬಿಸಿದ. ಮುಂಜಾನೆ ನೆರೆದ ಗುಂಪಿನ ಕೈಗೆ ಬುಟ್ಟಿ ಕೊಟ್ಟು, ಆಕೆ ಬರುವುದರೊಳಗೆ ಅರ್ಧವಾದರೂ ಹಾಸಿರಿ ಎಂದು ಇಡೀ ಟೆಂಟಿಗೆ ಉಸುಕು ಹಾಸಿಸಿಕೊಂಡ.

ಇಂಥ ಬಾಯಿಗೆ ಎಪ್ಪತ್ತೆಂಟರ ಚಳಿಗಾಲದಲ್ಲಿ ಬೀಗ ಬೀಳುವ ಪ್ರಸಂಗ ಬಂತು.

ಅದಕ್ಕೆ ಕಾರಣ ಶ್ರೀಕಂಠ. ಮೈಸೂರು ಕಡೆಯವನು, ನವಿಲುತೀರ್ಥದ ಕಾಲುವೆ ಕೆಲಸಕ್ಕೆ ಬಂದ ಓವರ್ಸಿಯರ್. ಸವದತ್ತಿಯಲ್ಲಿ ಸಿದ್ದಲಿಂಗವ್ವನ ಮನೆಯ ಮಾಳಿಗೆಯಲ್ಲಿ ಬಾಡಿಗೆಗಿದ್ದ. ಅಮೆರಿಕದಲ್ಲಿದ್ದ ಅವನ ಅಣ್ಣ ಒಂದು ಹೊಸ ಆಟದ ಪೆಟ್ಟಿಗೆ ಕಳಿಸಿದ್ದ. ಅದರಲ್ಲಿ ಹಾಸಿಲ್ಲ, ಕಾಯಿಲ್ಲ. ಒಂದು ಇಂಗ್ಲಿಷ್ ಪುಸ್ತಕ ಮತ್ತು ಬಾರಿಹಣ್ಣಿನ ಗಾತ್ರದ, ಇಪ್ಪತ್ತು ಮುಖದ ಒಂದು ದಾಳ, ಅಷ್ಟೇ. ಒಬ್ಬ ಕಥೆ ಹೇಳುತ್ತಾನೆ. ಉಳಿದವರು ಕಥೆಯೊಳಗಿನ ಒಬ್ಬೊಬ್ಬರಾಗಿ, ಈಗ ನಾನು ಹೀಗೆ ಮಾಡುತ್ತೇನೆ ಎನ್ನುತ್ತಾರೆ. ಮಾಡಿದ್ದು ಕೈಗೂಡಿತೋ ಇಲ್ಲವೋ ಎಂಬುದನ್ನು ದಾಳ ಹೇಳುತ್ತದೆ.

ರವಿವಾರ ಮಧ್ಯಾಹ್ನ, ಸಂಜೆಯ ಆಟಕ್ಕೆ ಮುಂಚೆ, ಮಾಳಿಗೆಯಲ್ಲಿ ನಾಲ್ವರು ಕೂಡುತ್ತಿದ್ದರು. ಕಥೆ ಹೇಳಲು ಶ್ರೀಕಂಠ. ಬೈಲಹೊಂಗಲದಿಂದ ಬಂದು ಇಲ್ಲಿ ಅಂಗಡಿ ಹಾಕಿದ್ದ ದರ್ಜಿ ನೀಲಪ್ಪ ಕಥೆಯಲ್ಲಿ ಕಳ್ಳ. ಕೈಯಲ್ಲಿ ಯಾರದೋ ಕುಪ್ಪಸಕ್ಕೆ ಹೆಮ್ಮಿಂಗ್ ಹಾಕುತ್ತಲೇ ಅವನು ಅರಮನೆಗಳ ಬೀಗ ಮುರಿಯುತ್ತಿದ್ದ. ಟಾಕೀಸಿನ ಮಶೀನು ನಡೆಸುವ ಬಸಯ್ಯ ಒಬ್ಬ. ಮತ್ತೆ ಕಾಡಪ್ಪ.

ಕಾಡಪ್ಪ ಮೊದಲ ದಿನವೇ ತಕರಾರು ತೆಗೆದಿದ್ದ. ಕಾದಾಡುವವನಾಗುತ್ತೀಯೋ, ಮಾಂತ್ರಿಕನಾಗುತ್ತೀಯೋ ಎಂದು ಶ್ರೀಕಂಠ ಕೇಳಿದರೆ ಎರಡೂ ಬೇಕೆಂದ.

"ಹೀರೋ ಅಂದಮ್ಯಾಲ ಒಂದ ಕೆಲಸಕ್ಕ ಕುಂದ್ರತಾನೇನ್ರಿ ಸಾಹೇಬ್ರ? ಹಾಡತಾನ, ಕುಣಿತಾನ, ಹೊಡಿತಾನ, ಕಡೀಕ ಅವ್ವನ ತೊಡಿಮ್ಯಾಲ ತಲಿ ಇಟ್ಟು ಅಳತಾನ."

ಶ್ರೀಕಂಠ ನಕ್ಕು ಒಪ್ಪಿದ. ರಣಭೈರವ ಎಂದು ಹೆಸರಿಟ್ಟು, "ನಿನಗೊಂದು ಕತ್ತಿ ಕೊಟ್ಟಿದ್ದೀನಿ, ಒಂದು ಬೆಂಕಿ ಮಂತ್ರ ಕೊಟ್ಟಿದ್ದೀನಿ, ಹೋಗು" ಎಂದು ಎಲ್ಲರ ಮುಂದೆ ಹೇಳಿದ. ಕಾಡಪ್ಪ ಮಾತುಮಾತಿಗೂ ವಕೀಲಿ ಮಾಡುವುದನ್ನು ಕಂಡು ಅವತ್ತೇ ಇನ್ನೊಂದು ಕಟ್ಟಳೆಯನ್ನೂ ಹಾಕಿದ: ಕಥೆ ಹೇಳುವವನ ಬಾಯಿಂದ ಒಮ್ಮೆ ಬಂದ ಮಾತು ಬಂದದ್ದೇ. ಯಾರೂ ತಿದ್ದುವಂತಿಲ್ಲ, ಸ್ವತಃ ಅವನೂ.

ಆಟದಲ್ಲಿ ಸತ್ತವರಿಗೂ ಒಂದು ಕಟ್ಟಳೆ ಇತ್ತು. ಕಥೆ ಮುಗಿಯುವತನಕ ಅವರು ಮಾಳಿಗೆಯಲ್ಲಿ ತುಟಿ ಬಿಚ್ಚಬಾರದು. ಬಸಯ್ಯ ಎರಡನೆಯ ವಾರವೇ ಗವಿಯೊಂದರಲ್ಲಿ ಜೇಡ ಕಚ್ಚಿ ಸತ್ತಿದ್ದ. ಅವನ ಕೈಗೆ ದಾಳ ಬಂದರೆ ಬೀಳುವುದು ಒಂದು, ಬಹಳ ಮನಸ್ಸು ಮಾಡಿದರೆ ಎರಡು. ಪಾಪ, ಅವತ್ತಿನಿಂದ ಕಿಡಕಿಯ ಹತ್ತಿರ ಶೇಂಗಾ ಸುಲಿಯುತ್ತ ಕೂತವನು, ಚಹಾ ಬೇಕಾದರೂ ಹೆಬ್ಬೆರಳನ್ನು ಬಾಯಿಗೆ ತೋರಿಸುತ್ತಿದ್ದ.

ಕಾಡಪ್ಪ ಅವನನ್ನು ನೋಡಿದಾಗಲೆಲ್ಲ ಬೆರಳು ಮಡಚಿ ತಿಂಗಳು ಎಣಿಸುತ್ತಿದ್ದ. ಕಥೆ ಮುಗಿಯಲು ಯುಗಾದಿಯಾದರೂ ಆಗಬೇಕು. ಯುಗಾದಿಗೆ ಟೆಂಟು ರಾಮದುರ್ಗಕ್ಕೆ ಹೋಗುತ್ತದೆ, ಟೆಂಟಿನ ಕೂಡ ಅವನೂ ಹೋಗಬೇಕು. ರಣಭೈರವ ಸತ್ತನೆಂದರೆ ಈ ಮಾಳಿಗೆಯಲ್ಲಿ ಕಾಡಪ್ಪನ ಡೈಲಾಗಿಗೆ ಅಲ್ಲಿಗೆ ತೆರೆ ಬಿತ್ತೆಂದೇ ಲೆಕ್ಕ. ಗೇಟಿನಲ್ಲಿ ಅವನ ಮಾತು ಕೇಳುವವರಿಗೆ ಚಿಲ್ಲರೆಯ ಚಿಂತೆ. ಕೂತು ಕೇಳುವವರು ಇದ್ದದ್ದು ಇಲ್ಲಿ ಮಾತ್ರ.

ಆ ರವಿವಾರ ಬುಟ್ಟಿ ತುಂಬ ಎಳೆಜೋಳದ ಸೀತನಿ ಇತ್ತು, ಆದರೆ ತಿನ್ನುವ ಮನಸ್ಸು ಯಾರಿಗೂ ಇರಲಿಲ್ಲ. ಕಿತ್ತೂರಿನ ಕಡೆಯ ಒಂದು ಹಾಳು ಕೋಟೆಯ ನೆಲಮಾಳಿಗೆಯಲ್ಲಿ ಕಲ್ಲಿನ ರಾಕ್ಷಸ ಬಾಗಿಲಿಗೆ ಅಡ್ಡ ನಿಂತಿದ್ದ. ಕಳ್ಳ ಎಚ್ಚರ ತಪ್ಪಿ ಅವನ ಕಾಲಡಿಯಲ್ಲಿ ಬಿದ್ದಿದ್ದ. ರಣಭೈರವನ ಮೈಯಲ್ಲಿ ಉಳಿದದ್ದು ಇನ್ನೊಂದೇ ಏಟಿಗೆ ಹೋಗುವಷ್ಟು ಜೀವ. ಬರೀ ಹೊಡೆದರೆ ಕಲ್ಲಿಗೆ ಏನೂ ಆಗದು, ಬರೀ ಬೆಂಕಿ ಹಚ್ಚಿದರೆ ಮೈ ಬೆಚ್ಚಗಾದೀತು. ಏಟು, ಬೆಂಕಿ ಎರಡೂ ಒಂದೇ ಕ್ಷಣಕ್ಕೆ ಬಿದ್ದರೆ ಮಾತ್ರ ಕಲ್ಲು ಸೀಳುತ್ತದೆಂದು ಶ್ರೀಕಂಠ ಹಿಂದಿನ ವಾರವೇ ಹೇಳಿದ್ದ.

ಕಾಡಪ್ಪ ಎದ್ದು ನಿಂತ. ಒಂದು ಕೈಯಲ್ಲಿ ಬೀಸುತ್ತೇನೆ, ಬಾಯಲ್ಲಿ ಮಂತ್ರ ಹೇಳುತ್ತೇನೆ, ರಾಕ್ಷಸನ ಏಳು ತಲೆಮಾರು ನಡುಗಬೇಕು ಎಂದ.

ಶ್ರೀಕಂಠ ಪುಸ್ತಕದ ಮೇಲೆ ಬೆರಳಿಟ್ಟ. "ಆಗಲ್ಲ ಕಣಯ್ಯ. ಮಂತ್ರಕ್ಕೆ ಎರಡು ಕೈಯೂ ಖಾಲಿ ಇರಬೇಕು. ಕತ್ತಿ ಹಿಡಿದವನು ಮಂತ್ರ ಹಾಕೋ ಹಾಗಿಲ್ಲ."

ಕಾಡಪ್ಪ ವಾದ ಹೂಡಿದ. ಕುದುರೆಯ ಮೇಲೆ ಕೂತು ಹಾಡುತ್ತ ಹತ್ತು ಜನರನ್ನು ಕೆಡಹುವ ನಾಯಕರನ್ನು ತಾನು ವಾರಕ್ಕೆ ಹದಿನಾಲ್ಕು ಸಲ ಕಂಡಿದ್ದೇನೆಂದ. ಅಮೆರಿಕದವರಿಗೆ ನಮ್ಮ ಸಿನಿಮಾ ತೋರಿಸಿದ್ದರೆ ಇಂಥ ಕಟ್ಟಳೆ ಬರೆಯುತ್ತಲೇ ಇರಲಿಲ್ಲವೆಂದ. ಶ್ರೀಕಂಠ ಪುಸ್ತಕದಿಂದ ಬೆರಳು ತೆಗೆಯಲಿಲ್ಲ. ಕಿಡಕಿಯ ಹತ್ತಿರ ಬಸಯ್ಯ ಸ್ವಲ್ಪ ಸರಿದು, ಕಾಡಪ್ಪನಿಗೂ ಕೂಡಲು ಜಾಗ ಮಾಡಿಕೊಟ್ಟ.

ಅಷ್ಟರಲ್ಲಿ ಕೆಳಗಿನ ಅಂಗಳದಿಂದ ಸಿದ್ದಲಿಂಗವ್ವನ ದನಿ ಬಂತು. ಅಗಸರ ಮಡಿವಾಳೆಪ್ಪನ ಕತ್ತಿ ಬಂದು, ಒಣಗಲು ಹಾಕಿದ ಜೋಳಕ್ಕೆ ಬಾಯಿ ಹಚ್ಚಿದೆಯೆಂದು ಆಕೆ ಕೋಲು ಹುಡುಕುತ್ತಿದ್ದಳು.

ಕಾಡಪ್ಪ ಕಿಡಕಿಯಲ್ಲಿ ಇಣುಕಿದ. ಅವನ ಮುಖ ನಿಧಾನವಾಗಿ ಬೆಳಗಿತು. ತಿರುಗಿ ಬಂದು, ಬಹಳ ವಿನಯದಿಂದ, ಕಟ್ಟಳೆಯನ್ನು ಇನ್ನೊಂದು ಸಲ ಹೇಳಬೇಕೆಂದು ಶ್ರೀಕಂಠನನ್ನು ಕೇಳಿಕೊಂಡ. ಶ್ರೀಕಂಠ ಹೇಳಿದ. ಬಂದ ಮಾತು ಬಂದದ್ದೇ ಅಲ್ಲವೇ ಎಂದು ಕಾಡಪ್ಪ ಕೇಳಿದ. ಶ್ರೀಕಂಠ ಹೌದೆಂದ. ಕಾಡಪ್ಪ ಸಿದ್ದಲಿಂಗವ್ವನನ್ನು ಮೇಲಕ್ಕೆ ಕರೆದ.

ಆಕೆ ಕೋಲು ಹಿಡಿದೇ ಮೆಟ್ಟಿಲ ತುದಿಗೆ ಬಂದು ನಿಂತಳು.

"ಆಯಿ, ಕತ್ತಿ ಹಿಡ್ಕೊಂಡು ಮಂತ್ರ ಹೇಳಬಹುದೇನು?"

"ಯಾಂವ ಹೇಳತಾನೋ ಕಾಡ್ಯಾ? ಒಂದ ಒದಿ ಒದ್ದರ ಮಂತ್ರ ಹೋಗಲಿ, ಹಲ್ಲ ಉಳಿಯೂದಿಲ್ಲ." ಇಂಥದಕ್ಕೆ ಕರೆಯಬೇಡಿರೆಂದು ಬೈದು ಇಳಿದುಹೋದಳು.

ಕತ್ತಿ ಹೇಗೆ ಒದೆಯುತ್ತದೆಂದು ಶ್ರೀಕಂಠನಿಗೆ ತಿಳಿಯಲಿಲ್ಲ. ನೀಲಪ್ಪ ಸೂಜಿ ಕಚ್ಚಿಕೊಂಡೇ ಬಿಡಿಸಿ ಹೇಳಿದ: ಮೈಸೂರಿನವರ ಕತ್ತೆ ಈ ಕಡೆ ಕತ್ತಿ. ಅವರು ಕತ್ತಿ ಎನ್ನುವುದು ಇಲ್ಲಿ ತಲವಾರ.

"ತಲವಾರ ಹಿಡಿದಾಂವ ಮಂತ್ರ ಹೇಳಬಾರದು ಅಂತ ನೀವು ಹೇಳಿಲ್ಲರಿ ಸಾಹೇಬ್ರ," ಕಾಡಪ್ಪ ಎದೆಯ ಮೇಲೆ ಕೈ ಕಟ್ಟಿದ. "ಕತ್ತಿ ಅಂದೀರಿ. ನಾ ಹಿಡಿದಿಲ್ಲ. ಬೇಕಾರ ಕೈ ನೋಡ್ರಿ."

ಶ್ರೀಕಂಠ ಕನ್ನಡಕ ತೆಗೆದು ಕಣ್ಣೊರೆಸಿಕೊಳ್ಳುವಷ್ಟು ನಕ್ಕ. ನಕ್ಕು ಮುಗಿಸಿ ಕನ್ನಡಕ ಏರಿಸಿದಾಗ ಮಾತ್ರ ಅವನ ಮುಖದಲ್ಲಿ ಖಳನಾಯಕನ ಕಳೆ ಬಂದಿತ್ತು. ಮೊದಲ ದಿನ, ಇದೇ ಮಾಳಿಗೆಯಲ್ಲಿ, ಎಲ್ಲರ ಮುಂದೆ ತಾನು ರಣಭೈರವನಿಗೆ ಕೊಟ್ಟದ್ದೇನೆಂದು ಕೇಳಿದ.

ಕಾಡಪ್ಪ ಎದೆಯ ಮೇಲೆ ಕಟ್ಟಿದ ಕೈ ಇಳಿಸಿದ.

"ಕತ್ತಿ," ಎಂದ ನೀಲಪ್ಪ. ಅವನ ಹೊಲಿಗೆ ನಿಂತಿತು. "ಬಂದ ಮಾತು ಬಂದದ್ದ. ಲೇ ಕಾಡ್ಯಾ, ಅವತ್ತಿನಿಂದ ನೀ ನಡದಾಗ ಕತ್ತಿ ಸಿಗಿಸ್ಕೊಂಡು ತಿರಗ್ಯಾಡಾಕ ಹತ್ತೀಯಲ್ಲೋ. ನಿನ್ನ ವಕೀಲಿಗಿಷ್ಟು ಬೆಂಕಿ ಹಾಕಲಿ, ಈಗ ನಾನೂ ಸತ್ತೆ."

ರಣಭೈರವನ ಕೈಯಲ್ಲಿ ಈಗ ತಲವಾರವೂ ಇಲ್ಲ. ಇದ್ದದ್ದು ಒಂದು ಕತ್ತೆ ಮತ್ತು ಒಂದೇ ಏಟಿನ ಜೀವ. ರಾಕ್ಷಸ ಗದೆ ಎತ್ತಿದ್ದಾನೆ, ಏನು ಮಾಡುತ್ತೀಯ ಎಂದು ಶ್ರೀಕಂಠ ಕೇಳಿದ. ಕಾಡಪ್ಪ ಒಳಗೆಲ್ಲ ತಡಕಾಡಿದ. ಕತ್ತೆ ಹಿಡಿದು ನಿಂತ ನಾಯಕನಿಗೆ ಯಾವ ಸಿನಿಮಾದವರೂ ಮಾತು ಬರೆದಿರಲಿಲ್ಲ. ಕಿಡಕಿಯ ಹತ್ತಿರದ ಖಾಲಿ ಜಾಗ ಕಣ್ಣಿಗೆ ಬಿತ್ತು. ಅದನ್ನು ನೋಡುತ್ತ, ಡೈಲಾಗಿನ ಗೊಡವೆಯಿಲ್ಲದೆ, ಊರ ಮಾತಿನಲ್ಲಿ ಹೇಳಿದ.

"ನಾ ಕತ್ತಿ ಬಿಡತೇನ್ರಿ. ಅದರ ಬೆನ್ನು ರಾಕ್ಷಸನ ಕಡೆ ಮಾಡಿ ನಿಂದ್ರಸತೇನಿ. ಈಗ ನನ್ನ ಎರಡೂ ಕೈ ಖಾಲಿ ಅದಾವ. ಮಂತ್ರ ಅದರ ಹಿಂಗಾಲಿಗೆ ಹಾಕತೇನಿ."

ಶ್ರೀಕಂಠ ಪುಸ್ತಕ ತಿರುವಿದ, ಮುಂದಿನಿಂದ ಹಿಂದಕ್ಕೂ ತಿರುವಿದ. ಕತ್ತೆಯ ಹಿಂಗಾಲಿಗೆ ಬೆಂಕಿ ಹಚ್ಚಬಾರದೆಂದು ಅಮೆರಿಕದವರು ಎಲ್ಲಿಯೂ ಬರೆದಿರಲಿಲ್ಲ. ಮಂತ್ರಕ್ಕೆ ದಾಳ ಉರುಳಿಸು ಎಂದ. ಹನ್ನೆರಡು ಬಿತ್ತು. ಬೆಂಕಿ ಹತ್ತಿತು.

ಆದರೆ ಒದೆತಕ್ಕೆ ಬೇರೆ ದಾಳ, ಹದಿನೈದು ದಾಟಬೇಕು. ಒಬ್ಬನೇ ಒಂದೇ ಸರದಿಯಲ್ಲಿ ಮಂತ್ರವನ್ನೂ ಹೊಡೆತವನ್ನೂ ಉರುಳಿಸುವ ಹಾಗಿಲ್ಲವೆಂದು ಶ್ರೀಕಂಠ ಪಟ್ಟು ಹಿಡಿದ. ಇಲ್ಲಿ ಅವನದು ನ್ಯಾಯವೇ. ಕಳ್ಳನಿಗೆ ಎಚ್ಚರವಿಲ್ಲ, ಹಾಗಾಗಿ ನೀಲಪ್ಪನೂ ದಾಳ ಮುಟ್ಟುವಂತಿಲ್ಲ. ಉಳಿದವನು ಒಬ್ಬನೇ.

ಕಾಡಪ್ಪ ದಾಳವನ್ನು ಬಸಯ್ಯನ ಮುಂದಿಟ್ಟ.

ನೀಲಪ್ಪ ತಲೆಗೆ ಕೈ ಹೊತ್ತ. ಈ ಕೈಯಿಂದ ಎರಡಕ್ಕಿಂತ ಮೇಲೆ ಎಂದಾದರೂ ಬಿದ್ದಿದೆಯೇ ಎಂದ. ಸತ್ತವನು ಆಡುವುದು ಹೇಗೆಂದು ಶ್ರೀಕಂಠನೂ ಕೇಳಿದ.

"ಸತ್ತಾಂವ ಬಸಯ್ಯ," ಎಂದ ಕಾಡಪ್ಪ. "ಕತ್ತಿ ಜೀವಂತ ಐತಿ. ಇವತ್ತಿನಿಂದ ಈ ಅಯ್ಯಾರು ಕತ್ತಿ."

ಶ್ರೀಕಂಠ ಬಸಯ್ಯನ ಮುಖ ನೋಡಿದ. ತಲೆ ಅಲ್ಲಾಡಿಸಿ ಒಪ್ಪಿದ. ಆದರೆ ಒದೆತ ತಪ್ಪಿದರೆ ಮೂವರದೂ ಕಥೆ ಮುಗಿಯಿತು, ಮೂವರೂ ಕಿಡಕಿಯ ಹತ್ತಿರ ಎಂದು ಮೊದಲೇ ಹೇಳಿಬಿಟ್ಟ.

ಬಸಯ್ಯ ಅಂಗೈಯ ಶೇಂಗಾ ಸಿಪ್ಪೆ ಝಾಡಿಸಿದ. ಧೋತರಕ್ಕೆ ಕೈ ಒರೆಸಿದ. ದಾಳವನ್ನು ಹಣೆಗೆ ಒತ್ತಿಕೊಂಡು ಬಿಟ್ಟ. ಅದು ಚಾಪೆಯ ಅಂಚಿಗೆ ಬಡಿದು, ಸೀತನಿಯ ಬುಟ್ಟಿಗೆ ತಾಗಿ, ಒಂದು ತೋರಿಸಿ, ಸಾಲದೆಂಬಂತೆ ಇನ್ನೊಂದು ಮಗ್ಗಲು ಹೊರಳಿ ನಿಂತಿತು.

ಹತ್ತೊಂಬತ್ತು.

ರಾಕ್ಷಸ ನಡುವಿನಿಂದ ಎರಡಾಗಿ ಸೀಳಿ ಬಿದ್ದನೆಂದು ಶ್ರೀಕಂಠ ಹೇಳಿದ. ಎಷ್ಟು ಚೆನ್ನಾಗಿ ಹೇಳಿದನೆಂದರೆ, ನೀಲಪ್ಪ ಎಚ್ಚರ ಬಂದವನಂತೆ ಕುಪ್ಪಸ ಬಿಟ್ಟು ಎದ್ದುನಿಂತ. ಕಾಡಪ್ಪನ ಬಾಯಿ ಅವನದಾಗಿಯೇ ಉಳಿಯಿತು. ಡೈಲಾಗುಗಳೆಲ್ಲ ಮರಳಿ ಬಂದು ಸಾಲುಗಟ್ಟಿದವು. ಎಲ್ಲಕ್ಕಿಂತ ಭಾರಿಯಾದದ್ದನ್ನು ಆರಿಸಿಕೊಂಡ. ಸೀಳಿದ ಕಲ್ಲಿನ ಮೇಲೆ ಕಾಲಿಟ್ಟವನಂತೆ ಸೀತನಿಯ ಬುಟ್ಟಿಯ ಮೇಲೆ ಕಾಲಿಟ್ಟು, ಉಸಿರು ಎಳೆದುಕೊಂಡ.

ಅಷ್ಟರಲ್ಲಿ ಬಸಯ್ಯ ಒದರಿದ. ವಾರಗಟ್ಟಲೆ ಹಿಡಿದಿಟ್ಟ ಗಂಟಲು ಅದು. ಕತ್ತೆಯ ಒದರು ಸಣ್ಣಗೆ ಶುರುವಾಗಿ, ಏರಿ, ಜಂತಿಗೆ ತಾಗಿ, ಇಳಿದು ಮತ್ತೆ ಏರಿತು. ಅಂಗಳದಿಂದ ಮಡಿವಾಳೆಪ್ಪನ ಕತ್ತೆ ಉತ್ತರ ಕೊಟ್ಟಿತು. ಬಸಯ್ಯ ಅದಕ್ಕೂ ಉತ್ತರ ಕೊಟ್ಟ.

ಕಾಡಪ್ಪ ಎತ್ತಿದ ಕೈ ಇಳಿಸದೆ, ತನ್ನ ಸರದಿಗಾಗಿ ಕಾಯುತ್ತ ನಿಂತ.