ಇನ್ನೂರ ಹನ್ನೆರಡಕ್ಕೆ ಇನ್ನೂರ ಹನ್ನೆರಡು

"ಕತ್ತೆ ಮುಂಡೇದೆ, ಚೀಟಿ ಮಡಚು ಅಂತ ಯಾವಳಮ್ಮಿ ನಿಂಗೆ ಯೋಳಿದ್ಲು? ಬಿಚ್ಚಿ ತೋರ್ಸು."

ದೋನ್ ಎವೆಲಿಯೊ ಶಾಲೆಯ ಬಾಗಿಲಿಗೇ ಕುರ್ಚಿ ಹಾಕಿಕೊಂಡು ಕೂತಿದ್ದ. ಕಾಫಿ ತೋಟದ ಮೇಸ್ತ್ರಿ ಅವನೇ. ಆ ಬೆಟ್ಟದಲ್ಲಿ ಅಧ್ಯಕ್ಷರ ಪಕ್ಷವೂ ಅವನೇ. ಬೀಜ ಆರಿಸುವ ಹೆಂಗಸರು ಒಬ್ಬೊಬ್ಬರಾಗಿ ಬಂದು, ಗುರುತು ಹಾಕಿದ ಓಟಿನ ಚೀಟಿಯನ್ನು ಅವನಿಗೆ ತೋರಿಸಿ, ಆಮೇಲೆ ಪೆಟ್ಟಿಗೆಗೆ ಹಾಕುತ್ತಿದ್ದರು.

ಕ್ರಿಸಾಂತಾ ಬಿಚ್ಚಲಿಲ್ಲ. ಹೋದ ವರ್ಷ ಅವಳ ತಮ್ಮ ನಿಕಾನೋರನನ್ನು ಪೇಟೆಯಲ್ಲಿ ಅಧ್ಯಕ್ಷರ ಸಿಪಾಯಿಗಳು ಲಾರಿಗೆ ಹತ್ತಿಸಿಕೊಂಡು ಹೋಗಿದ್ದರು. ಯಾವ ಜೈಲು ಎಂದು ಇವತ್ತಿನವರೆಗೂ ಯಾರೂ ಹೇಳಿರಲಿಲ್ಲ.

"ಗುಟ್ಟಿನ್ ಓಟು ಅಂತ ರೇಡಿಯೋದಲ್ಲಿ ಬಡ್ಕೊಂಡೋರು ನೀವೇ ಅಲ್ವಾ ದಣಿ?" ಎಂದವಳೇ ಚೀಟಿಯನ್ನು ಪೆಟ್ಟಿಗೆಗೆ ತುರುಕಿದಳು.

ಅವನು ಅವಳ ಪಾದದ ಮೇಲೆ ಉಗಿದ. ಸಾಲಿನಲ್ಲಿದ್ದವರು ನೆಲ ನೋಡಿದರು.

ಸಂಜೆ ಎಲ್ಲರನ್ನೂ ಶಾಲೆಯ ಅಂಗಳದಲ್ಲಿ ಕೂರಿಸಿ ಅವನೇ ಲೆಕ್ಕ ಓದಿದ. "ನಮ್ ಬೆಟ್ಟದ್ದು ಇನ್ನೂರ ಹನ್ನೆರಡು ಓಟು. ಇನ್ನೂರ ಹನ್ನೆರಡೂ ಅಧ್ಯಕ್ಷರಿಗೇಯ."

ಚಪ್ಪಾಳೆಯ ನಡುವೆ ಕ್ರಿಸಾಂತಾ ಎದ್ದು ನಿಂತಳು. "ನಂದೆಲ್ಲೋಯ್ತು ದಣಿ? ನಾನು ಅವ್ರಿಗೆ ಹಾಕ್ಲಿಲ್ಲ."

ಚಪ್ಪಾಳೆ ನಿಂತಿತು. ಎವೆಲಿಯೊ ಕೋಪಿಸಿಕೊಳ್ಳಲಿಲ್ಲ. "ನೀನು ಹಾಕಿದ್ದ ನೋಡ್ದೋರು ಯಾರಮ್ಮಿ? ಗುಟ್ಟಿನ್ ಓಟು ಅಲ್ವಾ?"

ಜನ ನಕ್ಕರು. ಪಕ್ಕದಲ್ಲಿದ್ದ ಬೆನೀತಾ ಅವಳ ಲಂಗ ಹಿಡಿದು ಎಳೆದಳು. ಹದಿನೆಂಟು ವರ್ಷ ಒಂದೇ ಬೆಂಚಿನಲ್ಲಿ ಕೂತು ಬೀಜ ಆರಿಸಿದವಳು. "ಕೂತ್ಕಳಕ್ಕ, ನಿನ್ ದಮ್ಮಯ್ಯ."

"ನೀನೂ ಅವ್ರಿಗೇ ಹಾಕಿದ್ಯೇನೆ, ಬೆನೀತಾ?"

"ನಂಗೆ ಮೂರು ಮಕ್ಳವೆ" ಎಂದಷ್ಟೇ ಹೇಳಿ ಬೆನೀತಾ ಆಚೆ ಸರಿದು ಕೂತಳು.

ಮಾರನೆಯ ದಿನ ಬೀಜ ಆರಿಸುವ ಜಾಗದಲ್ಲಿ ಕ್ರಿಸಾಂತಾಳ ಬೆಂಚಿಗೆ ಯಾರೂ ಬರಲಿಲ್ಲ. ಹದಿನಾಲ್ಕು ಹೆಂಗಸರು ಇನ್ನೆರಡು ಬೆಂಚುಗಳಲ್ಲಿ ಮೈಗೆ ಮೈ ಒತ್ತಿಕೊಂಡು ಕೂತರು. ಮಧ್ಯಾಹ್ನ ರೊಟ್ಟಿ ಬಿಚ್ಚಿದಾಗ, ಉಪ್ಪು ಕೇಳಲು ಅವಳು ಬೆನೀತಾಳ ಕಡೆ ತಿರುಗಿದಳು. ಬೆನೀತಾ ಬೀಜದ ರಾಶಿಯಿಂದ ತಲೆ ಎತ್ತಲಿಲ್ಲ. ಕ್ರಿಸಾಂತಾ ಸಪ್ಪೆ ರೊಟ್ಟಿಯನ್ನೇ ತಿಂದಳು. ಅಷ್ಟು ಜನರ ನಡುವೆ ತಾನು ಅಗಿಯುವ ಸದ್ದೇ ಅವಳಿಗೆ ಜೋರಾಗಿ ಕೇಳುತ್ತಿತ್ತು.

ಕೆಲಸ ಬಿಟ್ಟಮೇಲೆ ಅವಳು ಮನೆಯ ದಾರಿ ಹಿಡಿಯದೆ ಶಾಲೆಗೆ ಹೋದಳು. ಮುದ್ರೆ ಒತ್ತಿದ ಲೆಕ್ಕದ ಹಾಳೆ ಬಾಗಿಲಿಗೆ ಅಂಟಿಸಿತ್ತು. ಅಂಗಳದ ಒಲೆಯಿಂದ ಇದ್ದಿಲು ತಂದು ಇನ್ನೂರ ಹನ್ನೆರಡನ್ನು ಹೊಡೆದು ಹಾಕಿ, ಇನ್ನೂರ ಹನ್ನೊಂದು ಎಂದು ಬರೆದಳು. ಅದರ ಕೆಳಗೆ ಒಂದು. ಆ ಒಂದರ ಪಕ್ಕದಲ್ಲಿ, ಎಲ್ಲರಿಗೂ ಕಾಣುವಷ್ಟು ದಪ್ಪಗೆ, ತನ್ನ ಪೂರ್ತಿ ಹೆಸರು.